ಎಲ್‌ಸಿಡಿಯೋ ಪ್ಲಾಸ್ಮಾವೋ: ಒಂದು ಪಡಸಾಲೆಯ ಚರಿತ್ರೆ

2011ರ ಫೆಬ್ರವರಿ. ಕ್ರಿಕೆಟ್ ವಿಶ್ವಕಪ್ ಶುರುವಾಗಲು ವಾರವಷ್ಟೇ ಉಳಿದಿತ್ತು. ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟುಕೊಂಡು ಅಣ್ಣ, ಅವನ ಮಗ ಮತ್ತು ನಾನು ಚನ್ನಗಿರಿಯಿಂದ ದಾವಣಗೆರೆಗೆ ಟಿವಿ ತರಲು ಹೋಗಿದ್ದೆವು. ಅಂಗಡಿಯ ಗೋಡೆಯ ಮೇಲೆ ಅಕ್ಕಪಕ್ಕದ ಎರಡು ಟಿವಿಗಳಲ್ಲಿ ಒಂದೇ ಪಂದ್ಯ ಓಡುತ್ತಿತ್ತು. ಒಂದು 42 ಇಂಚಿನ ಪ್ಲಾಸ್ಮಾ, ಇನ್ನೊಂದು 32 ಇಂಚಿನ ಎಲ್‌ಸಿಡಿ. ಬೆಲೆ ಹೆಚ್ಚುಕಡಿಮೆ ಒಂದೇ. ಅಣ್ಣನಿಗೆ ಎಲ್‌ಸಿಡಿ ಹಿಡಿಸಿತು: ಹಗುರ, ತೆಳು, ಕಣ್ಣಿಗೆ ಹೊಡೆಯುವ ಬೆಳಕು. ಹುಡುಗನಿಗೆ ಪ್ಲಾಸ್ಮಾವೇ ಬೇಕು. ಗೇಮ್ ಆಡುವುದಕ್ಕೆ ಅದೇ ಸರಿ ಎಂದು ನ್ಯಾಮತಿಯಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು. "ನೀನೇನ್ ಹೇಳ್ತೀಯೋ?" ಎಂದು ಅಣ್ಣ ನನ್ನ ಕಡೆ ತಿರುಗಿದ. ನಾನು ಉತ್ತರ ಕೊಡದೆ ಅಂಗಡಿಯ ಬಲಮೂಲೆಗೆ ಹೋಗಿ, ಫ್ರಿಜ್‌ಗಳ ಸಾಲಿನ ಪಕ್ಕ ನಿಂತು ಎರಡನ್ನೂ ಓರೆಯಾಗಿ ನೋಡಿದೆ.

ಅದಕ್ಕೆ ಕಾರಣ ಅಪ್ಪ. ಹಿಂದಿನ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಪಡಸಾಲೆಯ ಕಿಟಕಿ ಬದಿಗೆ ಅವರ ಮಂಚ. ಟಿವಿ ಇಡಲು ಇದ್ದ ಒಂದೇ ಜಾಗ, ಅದೇ ಬದಿಯ ಗೋಡೆ ಮುಗಿಯುವಲ್ಲಿದ್ದ ಕಟ್ಟೆ. ಮಂಚದಿಂದ ನೋಡಿದರೆ ಪರದೆ ಪೂರ್ತಿ ಓರೆ. ಹಳೆಯ ಡಬ್ಬಾ ಟಿವಿಗೆ ಇದೊಂದು ತೊಂದರೆಯೇ ಆಗಿರಲಿಲ್ಲ, ಅದನ್ನು ಎಲ್ಲಿಂದ ನೋಡಿದರೂ ಚಿತ್ರ ಚಿತ್ರವೇ. ಆದರೆ ಫ್ರಿಜ್‌ಗಳ ಪಕ್ಕದಿಂದ ನೋಡಿದಾಗ ಎಲ್‌ಸಿಡಿಯ ಹಸಿರು ಮೈದಾನ ಬೂದಿ ಬಳಿದಂತೆ ಕಂಡಿತು, ಆಟಗಾರರ ಮುಖ ಮಸುಕಾಯಿತು. ಪ್ಲಾಸ್ಮಾ ಮಾತ್ರ ಎದುರಿನಿಂದ ಹೇಗಿತ್ತೋ ಹಾಗೇ ಇತ್ತು. "ಪ್ಲಾಸ್ಮಾ ತಗೊಳ್ಳೋಣ" ಎಂದೆ. ಹುಡುಗ ಕುಣಿದ. ಅಣ್ಣ ಗೊಣಗುತ್ತಾ ಒಪ್ಪಿದ.

ನಾನು ಮಕ್ಕಳಿಗೆ ಇತಿಹಾಸ ಪಾಠ ಹೇಳುವವನು. ಸಾಮ್ರಾಜ್ಯಗಳ ಏಳುಬೀಳು ಹೇಳಿಕೊಟ್ಟು ಅಭ್ಯಾಸವಾದ ಮೇಲೆ, ನಮ್ಮ ಮನೆಯಲ್ಲೇ ಎದ್ದು ಬಿದ್ದ ಒಂದು ವಸ್ತುವಿನ ಚರಿತ್ರೆಯನ್ನೂ ಹುಡುಕಬೇಕೆನಿಸಿತು. ಪ್ಲಾಸ್ಮಾ ಈಗ ಯಾವ ಅಂಗಡಿಯಲ್ಲೂ ಇಲ್ಲ. ಅದು ಕೆಟ್ಟದ್ದಾಗಿದ್ದರಿಂದ ಸೋತಿತೇ? ಅಲ್ಲ ಎಂದೇ ನನ್ನ ಅನಿಸಿಕೆ. ಅದು ಬೇರೆ ಬಗೆಯ ಮನೆಗಾಗಿ ಹುಟ್ಟಿದ ವಸ್ತುವಾಗಿತ್ತು.

ನಿಜ ಹೇಳಬೇಕೆಂದರೆ ಅದು ಹುಟ್ಟಿದ್ದು ಮನೆಗಾಗಿ ಅಲ್ಲ, ಶಾಲೆಗಾಗಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರಿನ ಮೂಲಕ ಪಾಠ ಹೇಳುವ 'ಪ್ಲೇಟೋ' ಎಂಬ ಯೋಜನೆ ನಡೆಯುತ್ತಿತ್ತು. ವಿದ್ಯಾರ್ಥಿಗಳ ಮುಂದಿಡಲು ಒಳ್ಳೆಯ ಪರದೆ ಬೇಕಾಗಿ 1964ರಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ರಾಬರ್ಟ್ ವಿಲ್ಸನ್ ಪ್ಲಾಸ್ಮಾ ಪರದೆಯನ್ನು ರೂಪಿಸಿದರು. ಎರಡು ಗಾಜುಗಳ ನಡುವೆ ಸಣ್ಣ ಸಣ್ಣ ಗೂಡುಗಳು, ಗೂಡಿನೊಳಗೆ ಅನಿಲ. ವಿದ್ಯುತ್ ಹರಿದಾಗ ಆ ಗೂಡು ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಒಮ್ಮೆ ಹೊತ್ತಿಸಿದ ಗೂಡು, ಆರಿಸುವವರೆಗೂ ಹೊತ್ತಿಕೊಂಡೇ ಇರುತ್ತದೆ. ಆಗ ಕಂಪ್ಯೂಟರಿನ ನೆನಪಿನ ಭಾಗ ಬಲು ದುಬಾರಿ, ಬರೆದದ್ದನ್ನು ತಾನೇ ನೆನಪಿಟ್ಟುಕೊಳ್ಳುವ ಪರದೆ ಅವರಿಗೆ ವರವಾಯಿತು. ಬಣ್ಣದ ಪ್ಲಾಸ್ಮಾಕ್ಕೆ ಮೂರು ದಶಕ ಬೇಕಾಯಿತು. ಅದರಲ್ಲಿ ಕ್ಸೆನಾನ್ ಬೆರೆತ ಅನಿಲ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಸೂಸುತ್ತದೆ, ಗೂಡಿನ ಗೋಡೆಗೆ ಬಳಿದ ಪುಡಿ ಅದನ್ನು ಕೆಂಪು, ಹಸಿರು, ನೀಲಿಯಾಗಿ ಬೆಳಗಿಸುತ್ತದೆ. ಪ್ರತಿ ಚುಕ್ಕಿಯೂ ತಾನೇ ಒಂದು ದೀಪ, ದೀಪದ ಬೆಳಕು ಎಲ್ಲ ಕಡೆಗೂ ಚೆಲ್ಲುತ್ತದೆ. ಅಪ್ಪನ ಮಂಚದಿಂದಲೂ ಚಿತ್ರ ಸರಿಯಾಗಿ ಕಂಡದ್ದು ಇದಕ್ಕೇ.

42 ಇಂಚಿನ ಬಣ್ಣದ ಪ್ಲಾಸ್ಮಾ ಟಿವಿಗಳು ಮಾರುಕಟ್ಟೆಗೆ ಬಂದದ್ದು 1997ರ ಸುಮಾರಿಗೆ, ಆಗ ಅವುಗಳ ಬೆಲೆ ಹತ್ತು ಸಾವಿರ ಡಾಲರ್ ಮೀರಿತ್ತು. ಅದೇ 1997ರಲ್ಲಿ, ನಮ್ಮ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ಜಿಲ್ಲೆ ಒಂದೇ ಆದರೂ ನೀರು, ಬೆಳೆ, ದುಡ್ಡು, ಕರೆಂಟು ಒಂದೇ ಅಲ್ಲ. ಇದು ಮುಂದೆ ಟಿವಿ ಆರಿಸುವಾಗಲೂ ಕಾಣಿಸಿಕೊಂಡಿತು.

ಎಲ್‌ಸಿಡಿಯ ವಂಶಾವಳಿ ಇನ್ನೂ ಹಳೆಯದು. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೆಡ್‌ರಿಕ್ ರೈನಿಟ್ಜರ್ ಒಂದು ವಿಚಿತ್ರ ಪದಾರ್ಥ ಕಂಡರು. ಅದು ಎರಡು ಸಲ ಕರಗುತ್ತಿತ್ತು. 145 ಡಿಗ್ರಿ ದಾಟಿದಾಗ ಮಬ್ಬು ದ್ರವ, 178 ದಾಟಿದಾಗ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ: ಹರಿಯುವುದರಲ್ಲಿ ನೀರು, ಅಣುಗಳ ಶಿಸ್ತಿನಲ್ಲಿ ಹರಳು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮೈಯರ್ ತಂಡ ಅದರಿಂದ ಪರದೆ ಮಾಡಿ ತೋರಿಸಿತು. ಮೊದಲು ಕೈಗಡಿಯಾರ, ಕ್ಯಾಲ್ಕುಲೇಟರ್, ಆಮೇಲೆ ಲ್ಯಾಪ್‌ಟಾಪ್, ಕೊನೆಗೆ ಟಿವಿ. ಇಲ್ಲಿ ಚುಕ್ಕಿ ತಾನು ಬೆಳಗುವುದಿಲ್ಲ. ಹಿಂದೆ ಸದಾ ಉರಿಯುವ ದೀಪವಿರುತ್ತದೆ. ಬೆಂಕಿಕಡ್ಡಿಯಂಥ ಅಣುಗಳು ತಿರುಗಿ ಆ ಬೆಳಕನ್ನು ಬಿಡುತ್ತವೆ ಇಲ್ಲವೇ ತಡೆಯುತ್ತವೆ. ಕಿಟಕಿಯ ಪಟ್ಟಿಪರದೆಯ ಹಾಗೆ, ಎದುರಿನಿಂದ ನೋಡಿದರೆ ಒಂದು ಲೆಕ್ಕ, ಓರೆಯಿಂದ ನೋಡಿದರೆ ಇನ್ನೊಂದು.

ಈ ಓರೆನೋಟದ ದೋಷಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದರ ಬೇರು ಬೆಂಗಳೂರಿನಲ್ಲಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಸಿ.ವಿ. ರಾಮನ್ ಅವರಿಗೆ ಸೋದರಮಾವ. ಅಲ್ಲಿಯವರೆಗೆ ದ್ರವಸ್ಫಟಿಕ ಎಂದರೆ ಕಡ್ಡಿಯಾಕಾರದ ಅಣುಗಳದ್ದು ಎಂದೇ ಎಲ್ಲರ ತಿಳಿವಳಿಕೆ. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ, ತಟ್ಟೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳಂತೆ ಕೂತು ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಆ ಲೇಖನ ಬಂದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ತಟ್ಟೆ ಅಣುಗಳನ್ನು ಬಳಿದ ತೆಳು ಹಾಳೆಯನ್ನು ಕಂಪ್ಯೂಟರ್ ಪರದೆಗಳಿಗೆ ಅಂಟಿಸಿತು. ಕಡ್ಡಿ ಅಣುಗಳು ಓರೆಯಲ್ಲಿ ಕೆಡಿಸಿದ್ದನ್ನು ತಟ್ಟೆ ಅಣುಗಳು ಸರಿದೂಗಿಸಿದವು. ದೊಡ್ಡ ಟಿವಿಗಳವರು ಕಡ್ಡಿಗಳನ್ನೇ ಬೇರೆ ರೀತಿ ಮಲಗಿಸುವ, ನಿಲ್ಲಿಸುವ ದಾರಿ ಹಿಡಿದರು. ಹೀಗೆ ನಾಲ್ಕಾರು ಕಡೆಯಿಂದ ತೇಪೆ ಹಾಕಿಸಿಕೊಂಡೇ ಎಲ್‌ಸಿಡಿ ಬೆಳೆಯಿತು. 2011ರ ನಮ್ಮ ಬಜೆಟ್ಟಿನ ಟಿವಿಗೆ ಆ ತೇಪೆ ಇನ್ನೂ ಪೂರ್ತಿ ಬಿದ್ದಿರಲಿಲ್ಲ, ಅಷ್ಟೇ.

ನಾಲ್ಕು ಊರುಗಳ ಮಾತಿಗೆ ಬರುತ್ತೇನೆ. ಆ ವಿಶ್ವಕಪ್ಪಿನ ಆಸುಪಾಸಿನಲ್ಲಿ ನಮ್ಮ ಬಳಗದಲ್ಲಿ ನಾಲ್ಕು ಟಿವಿಗಳು ಬಂದವು.

ಹೊನ್ನಾಳಿಯಲ್ಲಿ ಸೋದರಮಾವನದು ಮಂಡಕ್ಕಿ ಮಿರ್ಚಿ ಅಂಗಡಿ. ಮುಂದೆ ರಸ್ತೆಗೆ ತೆರೆದ ಬಾಗಿಲು, ಮೇಲೆ ಹಗಲೂ ಉರಿಯುವ ಟ್ಯೂಬ್‌ಲೈಟು. ಅಂಥ ಕಡೆ ಪ್ಲಾಸ್ಮಾದ ಗಾಜು ಕನ್ನಡಿಯೇ ಸೈ: ಬ್ಯಾಟ್ಸ್‌ಮನ್ ಬದಲು ಹೋಗಿಬರುವ ಬಸ್ಸು ಕಾಣಿಸುತ್ತದೆ. ಮಾವ ಎಲ್‌ಸಿಡಿ ತಂದರು. ಗಿರಾಕಿಗಳು ಬೆಂಚಿನ ಮೇಲೆ ಎದುರಿಗೇ ಕೂರುವವರು, ಓರೆಯ ಚಿಂತೆ ಅಲ್ಲಿ ಇರಲಿಲ್ಲ.

ಜಗಳೂರು ಕಡೆಯ ಹಳ್ಳಿಗೆ ಕೊಟ್ಟ ಅಕ್ಕನ ಮನೆಯ ಚಿಂತೆಯೇ ಬೇರೆ. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ನೆಲ, ಕರೆಂಟು ಯಾವಾಗ ಬರುತ್ತದೆ ಎಂಬುದಕ್ಕಿಂತ ಯಾವಾಗ ಹೋಗುತ್ತದೆ ಎಂದೇ ಕೇಳಬೇಕು. ಪಂದ್ಯ ನೋಡಲು ಇನ್ವರ್ಟರೇ ಗತಿ. ಪ್ಲಾಸ್ಮಾ ತೆಗೆದುಕೊಳ್ಳುವ ವಿದ್ಯುತ್ತು ಚಿತ್ರದ ಬೆಳಕಿನ ಮೇಲೆ ನಿಂತಿದೆ. ಕತ್ತಲ ದೃಶ್ಯಕ್ಕೆ ಕಡಿಮೆ, ಬಿಸಿಲಲ್ಲಿ ಹೊಳೆಯುವ ಮೈದಾನಕ್ಕೆ ಹೆಚ್ಚು. ಎಂದರೆ ಸಿನಿಮಾಕ್ಕೆ ಅಗ್ಗ, ಕ್ರಿಕೆಟ್ಟಿಗೆ ದುಬಾರಿ. ಭಾವ ಎರಡು ಮಾತಿಲ್ಲದೆ 26 ಇಂಚಿನ ಎಲ್‌ಸಿಡಿ ತಂದರು. ಅಷ್ಟು ಚಿಕ್ಕ ಪ್ಲಾಸ್ಮಾ ಅಂಗಡಿಯಲ್ಲಿ ಇರಲೂ ಇಲ್ಲ. ಚುಕ್ಕಿಯ ಗೂಡನ್ನು ಒಂದು ಮಿತಿಗಿಂತ ಕಿರಿದು ಮಾಡಿದರೆ ಬೆಳಕು ಸಾಲದು, ಹಾಗಾಗಿ ಅದು ದೊಡ್ಡ ಪರದೆಯಲ್ಲೇ ಉಳಿಯಿತು. ಸಣ್ಣ ಮನೆಯವರು ಮೊದಲೇ ಅದರ ಲೆಕ್ಕದಿಂದ ಹೊರಗೆ.

ನ್ಯಾಮತಿಯಲ್ಲಿ ನನ್ನ ಗೆಳೆಯನೊಬ್ಬ ಗೇಮ್ ಅಂಗಡಿ ಇಟ್ಟಿದ್ದ. ಗಂಟೆಗೆ ಇಪ್ಪತ್ತು ರೂಪಾಯಿ, ಎರಡು ಪ್ಲೇಸ್ಟೇಷನ್. ಎಲ್‌ಸಿಡಿ, ಪ್ಲಾಸ್ಮಾ ಎರಡೂ ಇದ್ದವು. ಹುಡುಗರು ಪ್ಲಾಸ್ಮಾಕ್ಕೆ ಸರದಿ ನಿಲ್ಲುತ್ತಿದ್ದರು. "ಅಣ್ಣ, ಅದ್ರಲ್ಲಿ ಬಟನ್ ಒತ್ತಿದ್ರೆ ಲೇಟು, ಓಡಿದ್ರೆ ಮಸುಕು" ಎಂದು ಎಲ್‌ಸಿಡಿಯನ್ನು ದೂರುತ್ತಿದ್ದರು. ಎರಡೂ ನಿಜ. ಚಿತ್ರವನ್ನು ಚಂದಗಾಣಿಸಲು ಟಿವಿ ಒಳಗೇ ಲೆಕ್ಕ ಹಾಕುತ್ತಾ ಕೂತರೆ ಕೈಗೂ ಕಣ್ಣಿಗೂ ನಡುವೆ ಕ್ಷಣದ ಅಂತರ ಬೀಳುತ್ತದೆ. ಟಿವಿಯವರು 'ಗೇಮ್ ಮೋಡ್' ಕೊಟ್ಟದ್ದು ಅದಕ್ಕೇ. ಮಸುಕಿನ ಕಾರಣ ಇನ್ನೂ ಸ್ವಾರಸ್ಯದ್ದು. ಅಣುಗಳು ನಿಧಾನ ತಿರುಗುವುದು ಒಂದು. ಎಲ್‌ಸಿಡಿ ಒಂದು ಚಿತ್ರವನ್ನು ಮುಂದಿನ ಚಿತ್ರ ಬರುವವರೆಗೆ ಅಲ್ಲಾಡದೆ ಹಿಡಿದಿಡುತ್ತದೆ ಎಂಬುದು ಇನ್ನೊಂದು. ನಮ್ಮ ಕಣ್ಣು ಚೆಂಡಿನ ಹಿಂದೆ ಜಾರುತ್ತಿರುತ್ತದೆ, ಪರದೆಯ ಚೆಂಡು ನಿಂತಿರುತ್ತದೆ. ಆ ಜಗ್ಗಾಟದಲ್ಲಿ ಚೆಂಡಿಗೆ ಬಾಲ ಬರುತ್ತದೆ. ಪ್ಲಾಸ್ಮಾ ಪ್ರತಿ ಚಿತ್ರವನ್ನೂ ಹಲವು ಮಿಂಚುಗಳಾಗಿ ಹೊಡೆದು ಬಿಡುವುದರಿಂದ ಚೆಂಡು ಚೆಂಡಾಗಿಯೇ ಕಾಣುತ್ತದೆ.

ಆದರೂ ಗೆಳೆಯನ ಪ್ಲಾಸ್ಮಾ ವರ್ಷ ಬಾಳಲಿಲ್ಲ. ದಿನವಿಡೀ ಅದೇ ಫುಟ್‌ಬಾಲ್ ಆಟ. ಮೂಲೆಯಲ್ಲಿ ಕದಲದ ಸ್ಕೋರು, ಕೆಳಗೆ ಕದಲದ ಸಣ್ಣ ನಕ್ಷೆ. ಅಲ್ಲಿನ ಪುಡಿ ಹೆಚ್ಚು ಸವೆದು, ಬೇರೆ ಆಟ ಹಾಕಿದರೂ ಹಳೆಯ ಸ್ಕೋರಿನ ಚೌಕ ದೆವ್ವದಂತೆ ನಿಂತಿತು. ಗೇಮಿಗೆ ಯಾವುದು ಸರಿ ಎಂದು ಕೇಳಿದರೆ ಹುಡುಗರ ಉತ್ತರ ಒಂದು, ಅಂಗಡಿಯವನ ಉತ್ತರ ಇನ್ನೊಂದು. ಅವನ ಮುಂದಿನ ಎರಡೂ ಟಿವಿ ಎಲ್‌ಸಿಡಿಯೇ.

ಇನ್ನು ನಮ್ಮ ಮನೆ. ಪಂದ್ಯ ಮಧ್ಯಾಹ್ನ ಎರಡೂವರೆಗೆ ಶುರುವಾದರೆ ಕಿಟಕಿಯ ಬೆಳಕು ಗಾಜಿಗೆ ಹೊಡೆಯುತ್ತಿತ್ತು. ಅಮ್ಮ ಜಗಳೂರಿನ ಅಕ್ಕ ಕಳಿಸಿದ್ದ ಕಂಬಳಿಯನ್ನು ಕಿಟಕಿಗೆ ಕಟ್ಟಿದಳು. ಬೀದಿಯ ಜನ ಬಂದು ಪಡಸಾಲೆ ತುಂಬ, ಬಾಗಿಲಾಚೆಯ ಜಗುಲಿಯವರೆಗೂ ಕೂತರು. ಟಿವಿ ನಮ್ಮಲ್ಲಿ ಹುಟ್ಟಿದ್ದೇ ಹಾಗೆ. 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಪ್ರಯೋಗದಲ್ಲಿ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ತಲುಪಿದಾಗ, ನಮ್ಮ ರಾಜ್ಯದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಊರಿಗೊಂದು ಪೆಟ್ಟಿಗೆ, ಊರೆಲ್ಲ ಅದರ ಮುಂದೆ. ನಾಲ್ಕು ಜನ ಸೋಫಾದ ಮೇಲೆ ಎದುರಿಗೆ ಕೂರುತ್ತಾರೆ ಎಂಬ ಲೆಕ್ಕ ಆಮೇಲಿನದು.

ಏಪ್ರಿಲ್ 2ರ ರಾತ್ರಿ ವಾಂಖೆಡೆಯಲ್ಲಿ ಶ್ರೀಲಂಕಾದ 274ನ್ನು ಭಾರತ ಬೆನ್ನಟ್ಟಿತು. ಗಂಭೀರ್ 97ಕ್ಕೆ ಔಟಾದಾಗ ಮನೆ ಸ್ತಬ್ಧ. ಅಣ್ಣ ಮಂಚದ ಬಳಿ ಬಗ್ಗಿ, "ಕಾಣ್ತದಾ ಅಪ್ಪಾಜಿ?" ಎಂದ. ಅಪ್ಪನ ಮಾತು ತೊದಲುತ್ತಿತ್ತು. "ಚೆಂಡು... ಕಾಣ್ತದೆ" ಎಂದರು. ಧೋನಿಯ ಸಿಕ್ಸರ್ ಹೋದಾಗ ಬಿದ್ದುಹೋಗದ ಎಡಗೈಯನ್ನು ಎತ್ತಿದರು. ಆಮೇಲೆ ಅಣ್ಣ ಎಲ್‌ಸಿಡಿಯ ಮಾತೆತ್ತಲಿಲ್ಲ.

ಅಪ್ಪ ಹೋದದ್ದು ಎರಡು ವರ್ಷದ ನಂತರ. ಅದೇ 2013ರಲ್ಲಿ ಪ್ಯಾನಸೋನಿಕ್ ಪ್ಲಾಸ್ಮಾ ತಯಾರಿಕೆ ನಿಲ್ಲಿಸುವುದಾಗಿ ಸಾರಿತು, ಮರುವರ್ಷ ಸ್ಯಾಮ್‌ಸಂಗ್, ಎಲ್‌ಜಿ ಕೂಡ. ಅಷ್ಟರಲ್ಲಿ ಎಲ್‌ಸಿಡಿಯ ಹಿಂದಿನ ದೀಪ ಎಲ್‌ಇಡಿಯಾಗಿ, ಕರೆಂಟು ಇನ್ನೂ ಕಡಿಮೆಯಾಗಿತ್ತು. ಗಡಿಯಾರದಿಂದ ಫೋನಿನವರೆಗೆ, ಫೋನಿನಿಂದ ಗೋಡೆಯವರೆಗೆ ಒಂದೇ ವಿದ್ಯೆ ಸಾಕಾಗುವಾಗ, ದೊಡ್ಡ ಪರದೆಗೆ ಮಾತ್ರ ಸಲ್ಲುವ ಇನ್ನೊಂದಕ್ಕೆ ಕಾರ್ಖಾನೆ ನಡೆಸುವವರು ಯಾರು? ಕತ್ತಲ ಕೋಣೆಯಲ್ಲಿ ಪ್ಲಾಸ್ಮಾ ಗೆದ್ದಿತ್ತು. ಬೆಳಕಿನ ಅಂಗಡಿಗಳಲ್ಲಿ, ಕರೆಂಟಿಲ್ಲದ ಊರುಗಳಲ್ಲಿ, ಸಣ್ಣ ಮನೆಗಳಲ್ಲಿ ಎಲ್‌ಸಿಡಿ ಗೆದ್ದಿತು. ಅಂಥ ಕಡೆಗಳೇ ಲೋಕದಲ್ಲಿ ಹೆಚ್ಚು.

ನಮ್ಮ ಪ್ಲಾಸ್ಮಾ 2016ರಲ್ಲಿ ಕೆಟ್ಟಿತು. ರಿಪೇರಿಯವನು ತೆರೆದು ನೋಡಿ, "ಬೋರ್ಡ್ ಸಿಗಲ್ಲ ಸಾರ್, ಗುಜರಿಗೆ ಹಾಕಿ" ಎಂದ. ಕೆಡುವ ಮುಂಚಿನ ದಿನಗಳಲ್ಲಿ ಪರದೆ ಬೆಳ್ಳಗಾದಾಗಲೆಲ್ಲ ಮೇಲಿನ ಬಲಮೂಲೆಯಲ್ಲಿ ಒಂದು ಸುದ್ದಿವಾಹಿನಿಯ ಗುರುತು ಮಸುಕಾಗಿ ಕಾಣುತ್ತಿತ್ತು. ಮಂಚದ ಮೇಲಿಂದ ಅಪ್ಪ ಬೆಳಗಿನಿಂದ ರಾತ್ರಿವರೆಗೆ ನೋಡುತ್ತಿದ್ದ ವಾಹಿನಿ ಅದು. ಅದು ದೋಷವೇ, ಗ್ಯಾರಂಟಿಗೂ ಸೇರದ ದೋಷ. ಅಮ್ಮ ಮಾತ್ರ ಟಿವಿಯನ್ನು ಗುಜರಿಗೆ ಕೊಡಲು ಬಹಳ ದಿನ ಒಪ್ಪಲಿಲ್ಲ.

ಅಣ್ಣನ ಮಗ ಈಗ ಬೆಂಗಳೂರಿನಲ್ಲಿದ್ದಾನೆ. ಮೊನ್ನೆ ಫೋನು ಮಾಡಿ, "ಚಿಕ್ಕಪ್ಪ, ಗೇಮಿಗೆ ಓಎಲ್‌ಇಡಿ ತಗೊಳ್ಳಲಾ, ಎಲ್‌ಇಡಿ ಸಾಕಾ?" ಎಂದ. ಓಎಲ್‌ಇಡಿಯಲ್ಲೂ ಪ್ರತಿ ಚುಕ್ಕಿ ತಾನೇ ಬೆಳಗುತ್ತದೆ, ಓರೆಯಿಂದಲೂ ಚೆನ್ನಾಗಿ ಕಾಣುತ್ತದೆ, ಕದಲದ ಗುರುತು ಅದರಲ್ಲೂ ಅಚ್ಚಾಗುವ ಭಯವಿದೆ. ಹಳೆಯ ಪ್ರಶ್ನೆಯೇ ಹೆಸರು ಬದಲಿಸಿ ಬಂದಿತ್ತು. ನಾನು ಕೇಳಿದ್ದು ಒಂದೇ: "ಟಿವಿ ಎಲ್ಲಿಡ್ತೀಯಪ್ಪ? ಯಾರು ಎಲ್ಲಿ ಕೂತು ನೋಡ್ತಾರೆ?"