ಬೆಂಕಿ ಹೊರಗೆ, ನೀರು ಒಳಗೆ: ಬಿಸಿನೀರಿನ ಒಂದು ಚರಿತ್ರೆ

ಹೊಸ ಗೀಸರ್ ಕೊಳ್ಳಲು ಅಂಗಡಿಗೆ ಹೋದವರು ಬೆಲೆ ಕೇಳುತ್ತಾರೆ, ಎಷ್ಟು ಲೀಟರಿನದು ಎಂದು ಕೇಳುತ್ತಾರೆ, ಗ್ಯಾರಂಟಿ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ಅದನ್ನು ಇರಿಸಲು ನಮ್ಮ ಮನೆ ಸಿದ್ಧವಾಗಿದೆಯೇ ಎಂದು ಕೇಳುವವರು ಕಡಿಮೆ. ಆದರೆ ನೀರು ಕಾಯಿಸುವ ಚರಿತ್ರೆಯನ್ನು ನೋಡಿದರೆ, ಹಿಂದಿನವರು ಮೊದಲು ಯೋಚಿಸಿದ್ದೇ ಮನೆಯ ಬಗ್ಗೆ. ಬೆಂಕಿ ಎಲ್ಲಿರಬೇಕು, ಹೊಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಗೋಡೆ ಏಳುವ ಮುನ್ನವೇ ತೀರ್ಮಾನವಾಗುತ್ತಿತ್ತು.

ರೋಮನ್ನರ ಸ್ನಾನಗೃಹಗಳಲ್ಲಿ ಒಲೆ ಇರುತ್ತಿದ್ದುದು ಸ್ನಾನದ ಕೋಣೆಯ ಆಚೆಗೆ. ಸಣ್ಣ ಕಂಬಗಳ ಮೇಲೆ ಎತ್ತರಿಸಿದ ನೆಲದ ಅಡಿಯಲ್ಲಿ ಬಿಸಿಗಾಳಿ ಹರಿದು, ಗೋಡೆಯೊಳಗಿನ ಕೊಳವೆಗಳ ಮೂಲಕ ಹೊರಹೋಗುತ್ತಿತ್ತು. ಈ ವಿದ್ಯೆಯನ್ನು ಅರಬರು ಮುಂದುವರಿಸಿದರು. ಇಂದಿನ ಜೋರ್ಡಾನಿನ ಮರುಭೂಮಿಯಲ್ಲಿ, ಎಂಟನೆಯ ಶತಮಾನದ ಉಮಯ್ಯಾ ಆಳ್ವಿಕೆಯಲ್ಲಿ ಕಟ್ಟಿದ ಕುಸೈರ್ ಅಮ್ರಾದ ಹಮ್ಮಾಮಿನಲ್ಲೂ ಇದೇ ಕ್ರಮವಿದೆ. 1985ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮಾಝಿಗೆ ಶುಚಿತ್ವ ಅಗತ್ಯವಾದ್ದರಿಂದ ಮುಸ್ಲಿಂ ನಗರಗಳಲ್ಲೆಲ್ಲ ಹಮ್ಮಾಮುಗಳು ಎದ್ದವು. ಕೈರೋದಲ್ಲಿ ಊರಿನ ಕಸವೇ ಅವುಗಳ ಒಲೆಗೆ ಉರುವಲಾಗಿತ್ತು. ಅದೇ ಕೆಂಡದಲ್ಲಿ ರಾತ್ರಿಯಿಡೀ ಅವರೆಕಾಳಿನಂಥ ಫೂಲ್ ಕಾಳು ಬೇಯುತ್ತಿತ್ತು. ಒಲೆಗೆ ಪ್ರತ್ಯೇಕ ಜಾಗ, ಅದನ್ನು ಉರಿಸುವವನಿಗೆ ಪ್ರತ್ಯೇಕ ಬಾಗಿಲು. ಮೀಯುವವರಿಗೆ ಶಾಖ ಸಿಗುತ್ತಿತ್ತು, ಹೊಗೆ ತಟ್ಟುತ್ತಿರಲಿಲ್ಲ. ನಮ್ಮ ಬೀದರ್ ಕೋಟೆಗೆ ಹೋದವರು ಇಂದು ವಸ್ತುಸಂಗ್ರಹಾಲಯವೆಂದು ನೋಡುವ ಕಟ್ಟಡವೂ ಒಂದು ಕಾಲದಲ್ಲಿ ಅರಮನೆಯ ಹಮ್ಮಾಮ್ ಆಗಿತ್ತು.

ಹಮ್ಮಾಮ್ ಅರಸರದು, ನಗರದವರದು. ಕನ್ನಡ ನಾಡಿನ ಸಾಮಾನ್ಯ ಮನೆಯಲ್ಲಿ ಆ ಕೆಲಸ ಮಾಡಿದ್ದು ಬಚ್ಚಲುಮನೆಯ ಹಂಡೆ. ಮಣ್ಣಿನ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಗೆ ತೆಂಗಿನ ಸೋಗೆ, ಸಿಪ್ಪೆ, ಅಡಿಕೆಯ ಸೊಪ್ಪುಸದೆಗಳೇ ಉರುವಲು. ಕರಾವಳಿ, ಮಲೆನಾಡಿನ ಅನೇಕ ಮನೆಗಳಲ್ಲಿ ಬಚ್ಚಲು ಮನೆಯ ಹಿಂಬದಿಗೆ ಇರುತ್ತಿತ್ತು. ಕೆಲವೆಡೆ ಒಲೆಯ ಬಾಯಿಯೇ ಹೊರಗಿನಿಂದ ತೆರೆದಿರುತ್ತಿತ್ತು. ಹೆಂಚಿನ ಸಂದಿನಿಂದ ಹೊಗೆ ಹೋಗುತ್ತಿತ್ತು. ಒಲೆ ಊದಿ ಕಣ್ಣುರಿಸಿಕೊಂಡ ತಾಯಂದಿರ ಕಷ್ಟವನ್ನು ನಾವು ಮರೆಯಬಾರದು. ಆದರೆ ಆ ಬಚ್ಚಲಿಗೆ ಗಾಳಿಯ ದಾರಿ ಇತ್ತು.

ಈ ಎಚ್ಚರ ತಪ್ಪಿದ್ದು ಯಂತ್ರದ ಕಾಲದಲ್ಲಿ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬವರು ಗ್ಯಾಸಿನ ಉರಿಯಿಂದ ಕ್ಷಣದಲ್ಲಿ ನೀರು ಕಾಯಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರನ್ನೇ ಅದಕ್ಕಿಟ್ಟರು: ಗೀಸರ್. ಆದರೆ ಉರಿದ ಅನಿಲ ಹೊರಹೋಗಲು ಅದರಲ್ಲಿ ಹೊಗೆಕೊಳವೆ ಇರಲಿಲ್ಲ. ಸಾವಿರಾರು ವರ್ಷಗಳಿಂದ ಹೊರಗಿದ್ದ ಬೆಂಕಿ ಮೀಯುವವನ ಪಕ್ಕಕ್ಕೇ ಬಂದಿತ್ತು. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದ ಎಡ್ವಿನ್ ರೂಡ್ 1889ರಲ್ಲಿ ನೀರು ಶೇಖರಿಸಿಟ್ಟು ತಾನಾಗಿಯೇ ಕಾಯಿಸುವ ಹೀಟರ್ ರೂಪಿಸಿದ ಮೇಲೆ ಇಂಥ ಯಂತ್ರಗಳು ಮನೆಬಳಕೆಗೆ ಹತ್ತಿರವಾದವು.

ಮಾನ್ ಅವರ ಯಂತ್ರದ ದೋಷ ಹಳೆಯ ಕತೆಯಲ್ಲ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳಕೊಂಡವರ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಾಗಿಲ ಚಿಲಕ ಹಾಕಿ ಮೀಯುವವರಿಗೆ ಅಪಾಯ ತಿಳಿಯುವಷ್ಟರಲ್ಲಿ ಕಾಲಿನ ಬಲ ಹೋಗಿರುತ್ತದೆ. ಆದ್ದರಿಂದ ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಿಸಿ ನೀರನ್ನಷ್ಟೇ ಪೈಪಿನಲ್ಲಿ ಒಳತರಬೇಕು. ಹಮ್ಮಾಮು ಕಟ್ಟಿದವರು ಮಾಡಿದ್ದೂ ಅದನ್ನೇ.

ವಿದ್ಯುತ್ ಬಂದ ಮೇಲೆ ಬೆಂಕಿ ಮನೆಯಿಂದಲೇ ದೂರ ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪ ಬೆಳಗಿತು. ಹೊಗೆಯ ಚಿಂತೆ ತಪ್ಪಿದರೂ ಮನೆಯ ತಯಾರಿ ತಪ್ಪಲಿಲ್ಲ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ಗು ಅದನ್ನು ತಾಳದು. 16 ಆಂಪಿಯರಿನ ಪ್ಲಗ್ಗು, ಅದಕ್ಕೆ ತಕ್ಕ ದಪ್ಪದ ತಂತಿ, ಸರಿಯಾದ ಅರ್ತಿಂಗ್ ಬೇಕು. 15 ಲೀಟರಿನ ಗೀಸರಿನಲ್ಲಿ ನೀರಿನ ತೂಕವೇ 15 ಕಿಲೋ. ಟ್ಯಾಂಕಿನ ತೂಕ ಬೇರೆ. ಅಷ್ಟನ್ನು ಹೊರುವ ಗೋಡೆ ಇರಬೇಕು. ಕಾದ ನೀರು ಹಿಗ್ಗುತ್ತದೆ. ಒತ್ತಡ ಮಿತಿಮೀರಿದರೆ ಬಿಡುವ ಸೇಫ್ಟಿ ವಾಲ್ವನ್ನು ತೊಟ್ಟಿಕ್ಕುತ್ತದೆಂದು ಮುಚ್ಚಿಸುವುದು ಹಂಡೆಗೆ ಬಿರಡೆ ಬಡಿದಂತೆ.

ಬೆಂಕಿಯನ್ನು ಇನ್ನಷ್ಟು ದೂರ, ಸೂರ್ಯನಷ್ಟು ದೂರ ಇಟ್ಟವರೂ ಇದ್ದಾರೆ. 1891ರಲ್ಲಿ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಸೋಲಾರ್ ಹೀಟರಿಗೆ ಪೇಟೆಂಟ್ ಪಡೆದರು. ಕರ್ನಾಟಕವೂ ಬೆಂಗಳೂರಿನ ತಾರಸಿಗಳಿಂದಾಗಿ ಇದರಲ್ಲಿ ಹೆಸರು ಮಾಡಿದೆ. ಅದಕ್ಕೂ ನೆರಳಿಲ್ಲದ ತಾರಸಿ, ಎತ್ತರದ ನೀರಿನ ಟ್ಯಾಂಕು ಬೇಕು.

ಹೊಸ ಗೀಸರ್ ಮನೆಗೆ ಬರುವ ಮುನ್ನ ಒಮ್ಮೆ ಬಚ್ಚಲಿನಲ್ಲಿ ನಿಂತು ಗೋಡೆ, ಪ್ಲಗ್ಗು, ಕಿಟಕಿಗಳನ್ನು ನೋಡಿ. ಹತ್ತು ನಿಮಿಷದ ಕೆಲಸ. ಒಳಗೆ ಮೀಯುವುದು ನಮ್ಮ ಮಕ್ಕಳು.