ಬಿಬಿಸಿ 2ರ ಉದ್ಘಾಟನಾ ರಾತ್ರಿ

ಬ್ರಿಟನ್ನಿನ ಮೂರನೆಯ ಟೆಲಿವಿಷನ್ ವಾಹಿನಿಯಾದ ಬಿಬಿಸಿ 2, 1964ರ ಏಪ್ರಿಲ್ 20ರ ಸೋಮವಾರ ಸಂಜೆ 7.20ಕ್ಕೆ ಶುರುವಾಗಬೇಕಿತ್ತು. ಅದಕ್ಕೆ ಅರ್ಧ ಗಂಟೆಗೂ ಸ್ವಲ್ಪ ಮುಂಚೆ ಕರೆಂಟು ಹೋಯಿತು. ಅಲ್ಲಿನ ಟೆಲಿವಿಷನ್ನಿನ ಎಡವಟ್ಟುಗಳನ್ನು ಎಣಿಸಲು ಕೂತವರು ಈ ರಾತ್ರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಉಳಿದ ಎಡವಟ್ಟುಗಳಲ್ಲಿ ಕಾರ್ಯಕ್ರಮ ಕೆಟ್ಟಿತು. ಇಲ್ಲಿ ಕಾರ್ಯಕ್ರಮವೇ ಬರಲಿಲ್ಲ. ‘ಪ್ರಥಮ ಚುಂಬನೇ ದಂತಭಗ್ನಂ’ ಎನ್ನುವುದಕ್ಕೆ ಪ್ರಸಾರದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಇದ್ದದ್ದು ಬಿಬಿಸಿ ಟೆಲಿವಿಷನ್ ಮತ್ತು 1955ರಲ್ಲಿ ಶುರುವಾದ ಖಾಸಗಿ ಐಟಿವಿ, ಇವೆರಡೇ. ಮೂರನೆಯದನ್ನು ಬಿಬಿಸಿಗೇ ಕೊಡಬೇಕೆಂದು ಪಿಲ್ಕಿಂಗ್‌ಟನ್ ಸಮಿತಿ 1962ರಲ್ಲಿ ಶಿಫಾರಸು ಮಾಡಿತು. ಹಳೆಯ ವಾಹಿನಿಗಳ ಚಿತ್ರ 405 ಗೆರೆಗಳದು, ವಿಎಚ್‌ಎಫ್ ತರಂಗದ ಮೇಲೆ ಬರುವಂಥದು. ಹೊಸದು 625 ಗೆರೆಗಳದು, ಯುಎಚ್‌ಎಫ್ ತರಂಗದ್ದು. ಚಿತ್ರ ಹೆಚ್ಚು ನಿಚ್ಚಳವೇನೋ ಹೌದು, ಆದರೆ ಮನೆಯಲ್ಲಿದ್ದ ಸೆಟ್ಟಿಗೆ ಅದು ಸಿಗುವಂತಿರಲಿಲ್ಲ. ಎರಡೂ ಬಗೆಯ ಚಿತ್ರ ಹಿಡಿಯುವ ಸೆಟ್ ಕೊಳ್ಳಬೇಕು, ಛಾವಣಿಯ ಮೇಲೆ ಇನ್ನೊಂದು ಆಂಟೆನಾ ನಿಲ್ಲಿಸಬೇಕು. ಅಷ್ಟೆಲ್ಲ ಮಾಡಿದರೂ ಮೊದಲಿಗೆ ಪ್ರಸಾರ ತಲುಪುತ್ತಿದ್ದದ್ದು ಕ್ರಿಸ್ಟಲ್ ಪ್ಯಾಲೇಸ್ ಗೋಪುರದ ವ್ಯಾಪ್ತಿಗೆ, ಅಂದರೆ ಲಂಡನ್ ಮತ್ತು ಅದರ ಆಸುಪಾಸಿಗೆ ಮಾತ್ರ. ಬರ್ಮಿಂಗ್‌ಹ್ಯಾಮಿನವರು ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆ ಸಂಜೆ ಲಂಡನ್ನಿನಲ್ಲಿ ಹೊಸ ಸೆಟ್ಟಿನ ಮುಂದೆ ಕೂತವರು ಕೈಯಿಂದ ದುಡ್ಡು ಹಾಕಿ, ಆಸೆಪಟ್ಟು ಕೂತವರು ಎಂಬುದನ್ನು ನೆನಪಿಡಬೇಕು.

ವಾಹಿನಿಯ ಮೊದಲ ಮುಖ್ಯಸ್ಥ ಮೈಕೆಲ್ ಪೀಕಾಕ್‌ಗೆ ಆಗ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಪ್ರಚಾರಕ್ಕೆ ಅವರ ತಂಡ ಹಲಬಲೂ ಎಂಬ ತಾಯಿ ಕಾಂಗರೂವನ್ನೂ ಅದರ ಹೊಟ್ಟೆಯ ಚೀಲದಲ್ಲಿ ಕೂತ ಕಸ್ಟರ್ಡ್ ಎಂಬ ಮರಿಯನ್ನೂ ಲಾಂಛನ ಮಾಡಿಕೊಂಡಿತು. ಮೊದಲ ರಾತ್ರಿಗೆ ಹೊಂದಿಸಿದ್ದು ಭರ್ಜರಿ ಊಟ. ತಲೆಕೆಟ್ಟ ವಾದ್ಯಗೋಷ್ಠಿಗೆ ಹೆಸರಾದ ‘ದಿ ಆಲ್ಬರ್ಟ್ಸ್’ ತಂಡದ ಹಾಸ್ಯ, ಕೋಲ್ ಪೋರ್ಟರ್ ಅವರ ‘ಕಿಸ್ ಮಿ, ಕೇಟ್’ ಸಂಗೀತ ನಾಟಕ, ಶೀತಲ ಸಮರದ ಆ ದಿನಗಳಲ್ಲೂ ಸೋವಿಯತ್ ಒಕ್ಕೂಟದ ನಗೆಗಾರ ಅರ್ಕಾದಿ ರೈಕಿನ್, ಆಮೇಲೆ ಪಟಾಕಿ ಬಾಣಬಿರುಸು.

ಸುಮಾರು 6.45ಕ್ಕೆ ಎಲ್ಲ ಕತ್ತಲಾಯಿತು. ಥೇಮ್ಸ್ ದಡದ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಹತ್ತಿ ಪಶ್ಚಿಮ ಲಂಡನ್ನಿನ ಬಹುಭಾಗಕ್ಕೆ ಕರೆಂಟು ನಿಂತಿತ್ತು. 1960ರಲ್ಲಷ್ಟೇ ತೆರೆದಿದ್ದ, ಬಿಬಿಸಿಯ ಹೆಮ್ಮೆಯಾಗಿದ್ದ ವುಡ್ ಲೇನಿನ ಟೆಲಿವಿಷನ್ ಸೆಂಟರ್ ಇದ್ದದ್ದು ಅಲ್ಲೇ. ಕ್ಯಾಮೆರಾ, ದೀಪ, ಲಿಫ್ಟು ಯಾವುದೂ ಇಲ್ಲ. ಸಮಾರಂಭಕ್ಕೆ ಕರೆತಂದ ನಿಜವಾದ ಕಾಂಗರೂ ಒಂದು ಲಿಫ್ಟಿನಲ್ಲಿ ಸಿಕ್ಕಿಕೊಂಡಿತ್ತು ಎಂಬ ಕಥೆ ಬಿಬಿಸಿಯ ಹಳಬರ ಬಾಯಲ್ಲಿ ಉಳಿದಿದೆ.

ಲಂಡನ್ನಿನ ಐಟಿವಿ ಕಂಪನಿ ಅಸೋಸಿಯೇಟೆಡ್ ರೀಡಿಫ್ಯೂಷನ್, ಬೇಕಾದರೆ ನಾವು ಪ್ರಸಾರ ಮಾಡಿಕೊಡುತ್ತೇವೆ ಎಂದಿತು. ಮದುವೆ ಮನೆಯಲ್ಲಿ ಒಲೆ ಆರಿದಾಗ ಮಾತು ಬಿಟ್ಟ ಎದುರು ಮನೆಯವರೇ ಬಂದು ತಮ್ಮ ಅಡುಗೆಮನೆ ಬಿಟ್ಟುಕೊಟ್ಟ ಹಾಗೆ. ಬಿಬಿಸಿ ಒಪ್ಪಲಿಲ್ಲ, ಒಪ್ಪಬೇಕಿತ್ತು.

ಕೈಹಿಡಿದದ್ದು ಅಲೆಕ್ಸಾಂಡ್ರಾ ಪ್ಯಾಲೇಸ್, 1936ರಲ್ಲಿ ಬಿಬಿಸಿ ಟೆಲಿವಿಷನ್ ಹುಟ್ಟಿದ ಅದೇ ಹಳೆಯ ಮನೆ. ಸುದ್ದಿ ವಿಭಾಗ ಇನ್ನೂ ಅಲ್ಲಿತ್ತು, ಅಲ್ಲಿ ಕರೆಂಟೂ ಇತ್ತು. ಬಿಬಿಸಿ 1 ಅಲ್ಲಿಂದಲೇ ಮುಂದುವರಿಯಿತು. ಸುಮಾರು 7.25ಕ್ಕೆ ಹೊಸ ವಾಹಿನಿಯಲ್ಲಿ ಕಾಣಿಸಿಕೊಂಡವರು ಜೆರಾಲ್ಡ್ ಪ್ರೀಸ್ಟ್‌ಲ್ಯಾಂಡ್. ಹಿಂದೆ ದೆಹಲಿಯಲ್ಲಿ ಬಿಬಿಸಿ ವರದಿಗಾರರಾಗಿದ್ದವರು. ಹಾಡು, ಕುಣಿತ, ಬಾಣಬಿರುಸು ಬರಬೇಕಿದ್ದ ಪರದೆಯ ಮೇಲೆ ಮೇಜಿನ ಹಿಂದೆ ಕೂತ ಒಬ್ಬ ಮನುಷ್ಯ, ಆದದ್ದನ್ನು ಹೇಳುತ್ತ, ಸುದ್ದಿ ಓದುತ್ತ. ರಾತ್ರಿ 10ಕ್ಕೆ ಉದ್ಘಾಟನೆಯನ್ನು ಮುಂದೂಡಿದ್ದು ಅಧಿಕೃತವಾಯಿತು.

ಮಾರನೆಯ ದಿನ ಬೆಳಿಗ್ಗೆ 11ಕ್ಕೆ ಹಾಜರಾದದ್ದು ‘ಪ್ಲೇ ಸ್ಕೂಲ್’. ಶಾಲೆಗೆ ಇನ್ನೂ ಹೋಗದ ಮಕ್ಕಳಿಗಾಗಿ ಜಾಯ್ ವಿಟ್ಬಿ ರೂಪಿಸಿದ ಸರಳ ಕಾರ್ಯಕ್ರಮ. ವಾಹಿನಿಯ ಅಧಿಕೃತ ಮೊದಲ ಕಾರ್ಯಕ್ರಮ ಎಂಬ ಪಟ್ಟ ಹೀಗೆ ಪುಟಾಣಿಗಳ ಪಾಲಾಯಿತು. ಅದು 1988ರವರೆಗೂ ನಡೆಯಿತು. ಆ ಸಂಜೆ ಪ್ರಸಾರ ತೆರೆದುಕೊಂಡದ್ದು ಉರಿಯುವ ಒಂದು ಮೇಣದಬತ್ತಿಯ ಮೇಲೆ. ನಿರೂಪಕ ಡೆನಿಸ್ ಟುಯಿ ಅದನ್ನು ಉಫ್ ಎಂದು ಊದಿ ಆರಿಸಿದರು. ಮುಂದೂಡಿದ್ದ ಕಾರ್ಯಕ್ರಮಗಳು ಸಣ್ಣಪುಟ್ಟ ಬದಲಾವಣೆಯೊಂದಿಗೆ ಬಂದವು. ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದದ್ದು ಆ ಒಂದು ಉಸಿರು: ಆದ ಅವಮಾನವನ್ನು ಮುಚ್ಚಿಡದೆ ಎಲ್ಲರೊಡನೆ ಕೂತು ನಕ್ಕ ರೀತಿ.

ಬ್ರಿಟಿಷ್ ವೀಕ್ಷಕರು ಪ್ರೀತಿಯಿಂದ ನೆನೆಯುವ ಇತರ ಎಡವಟ್ಟುಗಳಲ್ಲೂ ಇದೇ ಗುಣವಿದೆ. 1969ರಲ್ಲಿ ‘ಬ್ಲೂ ಪೀಟರ್’ ಸ್ಟುಡಿಯೋಗೆ ಬಂದ ಆನೆಮರಿ ಲುಲು ನೆಲವನ್ನೆಲ್ಲ ಹೊಲಸು ಮಾಡಿ ಮಾವುತನನ್ನು ಎಳೆದಾಡಿತು. ಅದು ನೇರ ಪ್ರಸಾರವಲ್ಲ, ಬೇಕೆಂದರೆ ಕತ್ತರಿಸಬಹುದಿತ್ತು, ಕತ್ತರಿಸಲಿಲ್ಲ. 2006ರಲ್ಲಿ ಕೆಲಸದ ಸಂದರ್ಶನಕ್ಕೆ ಬಂದು ಕಾಯುತ್ತಿದ್ದ ಒಬ್ಬರನ್ನು ಕಂಪ್ಯೂಟರ್ ತಜ್ಞರೆಂದು ತಪ್ಪಾಗಿ ತಿಳಿದು ಸುದ್ದಿ ವಾಹಿನಿಯ ಕ್ಯಾಮೆರಾ ಮುಂದೆ ಕೂರಿಸಿದರು. ಗಾಬರಿಯಾದರೂ ಆತ ಮರ್ಯಾದೆಯಿಂದ ಉತ್ತರ ಕೊಟ್ಟರು. ದುಡ್ಡು ಸುರಿದು ಸ್ಪೇನಿನಲ್ಲಿ ಊರನ್ನೇ ಕಟ್ಟಿ, 1992ರ ಜುಲೈಯಲ್ಲಿ ಶುರುಮಾಡಿ ಒಂದೇ ವರ್ಷಕ್ಕೆ ನಿಲ್ಲಿಸಿದ ‘ಎಲ್ಡೊರಾಡೊ’ ಧಾರಾವಾಹಿಯ ಸೋಲಿನಲ್ಲಿ ಮಾತ್ರ ಅಂಥ ನಗು ಹುಟ್ಟುವುದಿಲ್ಲ.

ಬಿಬಿಸಿ 2 ಬೇಗ ಚೇತರಿಸಿಕೊಂಡಿತು. 1965ರಲ್ಲಿ ಡೇವಿಡ್ ಅಟೆನ್‌ಬರೋ ಅದರ ಚುಕ್ಕಾಣಿ ಹಿಡಿದರು. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್ ತೋರಿಸಿ ಬ್ರಿಟನ್ನಿಗೆ ಬಣ್ಣದ ಟೆಲಿವಿಷನ್ ತಂದದ್ದೂ ಇದೇ ವಾಹಿನಿ.

ಮೊದಲ ರಾತ್ರಿಯ ಪ್ರಸಾರವನ್ನು ಯಾರೂ ಮುದ್ರಿಸಿಕೊಂಡಿಲ್ಲ ಎಂದೇ ಸುಮಾರು ನಲವತ್ತು ವರ್ಷ ಎಲ್ಲರೂ ನಂಬಿದ್ದರು. ವಿಡಿಯೋ ಟೇಪು ದುಬಾರಿಯಾಗಿದ್ದ ಆ ಕಾಲದಲ್ಲಿ ಎಷ್ಟೋ ಒಳ್ಳೆಯ ಕಾರ್ಯಕ್ರಮಗಳನ್ನೇ ಅಳಿಸಿ ಅದೇ ಟೇಪನ್ನು ಮತ್ತೆ ಬಳಸುತ್ತಿದ್ದರು. 2003ರ ಆರಂಭದಲ್ಲಿ ಒಂದು ಟೇಪು ಸಿಕ್ಕಿತು. ಅದರಲ್ಲಿದ್ದದ್ದು ಅಲೆಕ್ಸಾಂಡ್ರಾ ಪ್ಯಾಲೇಸಿನ ಮೇಜಿನ ಹಿಂದೆ ಕೂತ ಪ್ರೀಸ್ಟ್‌ಲ್ಯಾಂಡ್.