ಲೆಕ್ಕದ ಮಾತ್ರೆ

"ಒಂದು ಕಡೆ ಸುಮ್ನೆ ಕೂರೋಕಾಗಲ್ವೇನೋ ನಿಂಗೆ?" ಈ ಬೈಗುಳ ತಿನ್ನದೆ ದೊಡ್ಡವರಾದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ ಸ್ವಾಮಿ? ಬಹಳಷ್ಟು ಮಕ್ಕಳಿಗೆ ಅದು ಬರೀ ತುಂಟತನ. ಕೆಲವರಿಗೆ ಮಾತ್ರ ಅಲ್ಲ. ಅಂಥವರಿಗೆ ಈಗ ಎಡಿಎಚ್‌ಡಿ ಅನ್ನುವ ಹೆಸರಿದೆ. "ಅದೆಲ್ಲ ಈಚೆಗೆ ಔಷಧ ಕಂಪನಿಯವರು ಹುಟ್ಟಿಸಿದ ಕಾಯಿಲೆ ಕಣ್ರೀ" ಅನ್ನುವವರು ಸಿಕ್ಕಾಗಲೆಲ್ಲ ನನಗೆ ಈ ಹಳೇ ಕಥೆ ನೆನಪಾಗುತ್ತೆ.

ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಜಾರ್ಜ್ ಬ್ರಾಡ್ಲೆ ಎಂಬ ಸಿರಿವಂತನಿದ್ದ. ಅವನ ಒಬ್ಬಳೇ ಮಗಳು ಎಮಾಗೆ ಏಳನೇ ವಯಸ್ಸಿನಲ್ಲಿ ಮೆದುಳುಜ್ವರ ಬಂತು. ಮಗು ಉಳಿಯಿತು, ಮೆದುಳು ಸರಿಹೋಗಲಿಲ್ಲ. ಇಂಥ ಮಕ್ಕಳಿಗೊಂದು ಆಸ್ಪತ್ರೆ ಆಗಲಿ ಅಂತ ಅವನು ಆಸ್ತಿ ಬರೆದಿಟ್ಟು ಹೋದ. 1931ರಲ್ಲಿ ಈಸ್ಟ್ ಪ್ರಾವಿಡೆನ್ಸ್ ಊರಿನಲ್ಲಿ ಅದು ಶುರುವಾಯಿತು. ಅದೇ ಮನೆತನದ ಡಾ. ಚಾರ್ಲ್ಸ್ ಬ್ರಾಡ್ಲೆ ಆಮೇಲೆ ಅದರ ಮುಖ್ಯಸ್ಥರಾದರು.

ಆಗ ಸ್ಕ್ಯಾನ್ ಎಲ್ಲಿಂದ ಬರಬೇಕು? ಮೆದುಳಿನ ಚಿತ್ರ ಬೇಕೆಂದರೆ ಬೆನ್ನಿಗೆ ಸೂಜಿ ಚುಚ್ಚಿ, ಮೆದುಳು-ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಆಮೇಲೆ ಮಕ್ಕಳಿಗೆ ಭಯಂಕರ ತಲೆನೋವು. (ಇದನ್ನು ಬರೆಯುವಾಗಲೇ ನನಗೆ ಸಂಕಟವಾಗುತ್ತೆ.) ದ್ರವ ಬೇಗ ಮತ್ತೆ ಊರಲಿ ಅಂತ ಬ್ರಾಡ್ಲೆ ಬೆಂಜೆಡ್ರಿನ್ ಕೊಟ್ಟು ನೋಡಿದರು. ಅದು ಆಂಫೆಟಮಿನ್, ಚುರುಕು ಬರಿಸುವ ಔಷಧ. ತಲೆನೋವು ಹೆಚ್ಚೇನೂ ತಗ್ಗಲಿಲ್ಲ. ಆದರೆ ಆಸ್ಪತ್ರೆಯ ಶಾಲೆಯಲ್ಲಿ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಕೂತು ಪಾಠ ಕಲಿಯತೊಡಗಿದರು!

ಬ್ರಾಡ್ಲೆ ಇದನ್ನು ಅಲ್ಲಿಗೇ ಬಿಡಲಿಲ್ಲ. 5ರಿಂದ 14 ವರ್ಷದ 30 ಮಕ್ಕಳನ್ನು ಆರಿಸಿಕೊಂಡು, ಒಂದು ವಾರ ಔಷಧವಿಲ್ಲದೆ, ಒಂದು ವಾರ ಔಷಧ ಕೊಟ್ಟು, ಮತ್ತೊಂದು ವಾರ ನಿಲ್ಲಿಸಿ ನೋಡಿದರು. 14 ಮಕ್ಕಳ ಓದು ಬೆರಗಾಗುವಷ್ಟು ಸುಧಾರಿಸಿತ್ತು. ಮಾತ್ರೆ ನಿಂತ ದಿನವೇ ಆ ಸುಧಾರಣೆಯೂ ಮಾಯ. ಮಕ್ಕಳು ಅದಕ್ಕೆ 'ಲೆಕ್ಕದ ಮಾತ್ರೆ' ಅಂತ ಹೆಸರಿಟ್ಟಿದ್ದರಂತೆ. ಚುರುಕಿನ ಔಷಧ ತಿಂದ ಮಕ್ಕಳು ಶಾಂತರಾಗುವುದು ಬ್ರಾಡ್ಲೆಗೇ ವಿಚಿತ್ರ ಅನ್ನಿಸಿತ್ತು. 1937ರಲ್ಲಿ ಪ್ರಕಟಿಸಿದರು.

ಆಮೇಲೆ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಚ್ಚಿನವರು ಇದನ್ನು ಗಮನಿಸಲೇ ಇಲ್ಲ. ಅದು ಫ್ರಾಯ್ಡ್ ಶಿಷ್ಯರ ಕಾಲ. ಮಗುವಿನ ತೊಂದರೆಗೆ ಕಾರಣವನ್ನು ಮನೆಯೊಳಗೆ, ಅದರಲ್ಲೂ ತಾಯಿಯಲ್ಲಿ ಹುಡುಕುವ ಚಾಳಿ. ನನಗೆ ಈ ಕಥೆಯಲ್ಲಿ ಅತಿ ಬೇಸರ ತರಿಸುವ ಭಾಗ ಇದೇ.

ಈ ನಡುವೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪ್ಯಾನಿಜಾನ್ 1944ರಲ್ಲಿ ಮಿಥೈಲ್‌ಫೆನಿಡೇಟ್ ತಯಾರಿಸಿದ್ದ. ಹೆಂಡತಿ ಮಾರ್ಗರೀಟ್, ಮುದ್ದಿನ ಹೆಸರು ರೀಟಾ, ಟೆನಿಸ್ ಆಡುವ ಮುಂಚೆ ಅದನ್ನು ನುಂಗುತ್ತಿದ್ದಳಂತೆ. ಹಾಗಾಗಿ ರಿಟಾಲಿನ್ :-) ಮೊದಲು ಅದು ದೊಡ್ಡವರ ಆಯಾಸಕ್ಕೆಂದು ಮಾರಾಟವಾಯಿತು, ಮಕ್ಕಳ ಮೇಲೆ ಸರಿಯಾದ ಪ್ರಯೋಗ ನಡೆದದ್ದು 1960ರ ದಶಕದಲ್ಲಿ.

ಹೆಸರುಗಳ ಕಥೆ ಇನ್ನೊಂದು ಥರ. 1902ರಲ್ಲೇ ಲಂಡನ್ನಿನ ಡಾ. ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡುತ್ತ, ಅದನ್ನು 'ನೈತಿಕ ಹಿಡಿತದ ದೋಷ' ಅಂದಿದ್ದರು. ಆಮೇಲೆ 'ಅಲ್ಪ ಪ್ರಮಾಣದ ಮೆದುಳು ಹಾನಿ' ಅಂದರು, ಹಾನಿ ಕಾಣದಿದ್ದರೂ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಮೊದಲ ಸಲ 'ಗಮನದ ಕೊರತೆ' ಎಂದು ಹೆಸರಿಸಿತು. ಎಡಿಎಚ್‌ಡಿ ಬಂದದ್ದು 1987ರಲ್ಲಿ. ಲಕ್ಷಣಗಳು 7 ವರ್ಷದೊಳಗೆ ಕಾಣಬೇಕೆಂಬ ನಿಯಮವನ್ನು 2013ರಲ್ಲಿ 12ಕ್ಕೆ ಏರಿಸಿದರು. ಕನಸು ಕಾಣುತ್ತ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತ ಹುಡುಗಿಯರು ಲೆಕ್ಕಕ್ಕೆ ಬರಲು ಇಷ್ಟು ವರ್ಷ ಬೇಕಾಯಿತು ನೋಡಿ.

ಇವತ್ತಿಗೂ ಇದಕ್ಕೆ ರಕ್ತಪರೀಕ್ಷೆಯಿಲ್ಲ. ಡಾಕ್ಟರು ಮನೆಯಲ್ಲಿ ಕೇಳಬೇಕು, ಶಾಲೆಯಲ್ಲಿ ಕೇಳಬೇಕು, ಮಗುವನ್ನು ನೋಡಬೇಕು. ಔಷಧದಿಂದ ಹಸಿವು, ನಿದ್ದೆ ಕಮ್ಮಿಯಾಗುವುದುಂಟು. ನಮ್ಮಲ್ಲಿ ಮಿಥೈಲ್‌ಫೆನಿಡೇಟ್ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಎಲ್ಲ ಅಂಗಡಿಯಲ್ಲೂ ಸಿಗಲ್ಲ. ನನ್ನ ಗೆಳತಿಯೊಬ್ಬಳು ಮಗನ ಚೀಟಿ ಹಿಡಿದು ಮೂರು ಮೆಡಿಕಲ್ ಸ್ಟೋರ್ ಅಲೆದಳು. ಒಬ್ಬ ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಗೂಗೆ ಯಾಕಮ್ಮಾ ಇದೆಲ್ಲ?" ಅಂದನಂತೆ. ಅವಳು ಉತ್ತರ ಕೊಡದೆ ನಾಲ್ಕನೇ ಅಂಗಡಿಗೆ ಹೋದಳು.